ಹೆತ್ತವರೊಡನೆ ಹೆಗ್ಗಣಿವೆಗೆ

ನಮ್ಮ ಅಜ್ಜಂದಿರ ಕಾಲದಲ್ಲಿ ಮಗನು ಸಂಪಾದನೆಗೆ ನಿಂತನೆಂದರೆ ಅವನು ಮಾಡಬೇಕಾದ ಮೊದಲ ದೊಡ್ಡ ವೆಚ್ಚವು ತಾಯಿತಂದೆಗಳ ಕಾಶೀಯಾತ್ರೆಯಾಗಿತ್ತು. ಸಾಲ ಮಾಡಿಯಾದರೂ ಆ ಋಣವನ್ನು ತೀರಿಸಿದವನನ್ನು ಊರು ಮೆಚ್ಚುತ್ತಿತ್ತು. ಈಗ ಆ ಕಟ್ಟಲೆ ಬೇರೊಂದು ರೂಪವನ್ನು ತಾಳಿದೆ. ಮಗನೋ ಮಗಳೋ ಸಮುದ್ರದಾಚೆ ನೆಲಸಿರುವರು. ತಾಯಿತಂದೆಗಳು ಚಟ್ನಿಪುಡಿ, ಹಪ್ಪಳ, ಗೊಜ್ಜುಗಳನ್ನು ಪೆಟ್ಟಿಗೆಯಲ್ಲಿ ಅಡಕಿ ದೇವನಹಳ್ಳಿಯ ವಿಮಾನನಿಲ್ದಾಣದಿಂದ ಹೊರಡುವರು. ಮೂರು ತಿಂಗಳೋ ಐದು ತಿಂಗಳೋ ಕಳೆದು ಹಿಂದಿರುಗುವಾಗ ಅವರ ಕೈಯಲ್ಲಿ ಗಂಗೆಯ ಥಾಲಿಗೆ ಬದಲಾಗಿ, ಹಿಮದ ಮುಂದೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ನಿಂತ ತಮ್ಮ ಚಿತ್ರಗಳಿರುವುವು. ಇಳಿವಯಸ್ಸಿನಲ್ಲಿ ಅಮೆರಿಕಾವನ್ನು ಕಂಡು ಬಂದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕಾದಲ್ಲಿ ಗೊರೂರು’ ಎಂಬ ಗ್ರಂಥಕ್ಕೆ ೧೯೮೦ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಅಂದು ಅಪರೂಪವಾಗಿದ್ದ ಆ ಪ್ರಯಾಣ ಇಂದು ಬೀದಿಗೊಂದು ಮನೆಯ ಮಾತಾಗಿದೆ.

ಹೀಗೆ ಬಂದ ಹಿರಿಯರನ್ನು ಮಕ್ಕಳು ಮನೆಯಲ್ಲೇ ಕೂರಿಸಲು ಒಪ್ಪುವುದಿಲ್ಲ. ಬಹುಕಾಲ ಕೂಡಿಟ್ಟ ರಜೆಯನ್ನೆಲ್ಲ ಒಟ್ಟುಮಾಡಿ, ಅವರನ್ನು ಬೆಟ್ಟ, ಕಣಿವೆ, ಮರುಭೂಮಿ, ಬಿಸಿನೀರಿನ ಬುಗ್ಗೆಗಳ ಕಡೆಗೆ ಕರೆದೊಯ್ಯುವರು. ಇಲ್ಲಿ ಒಂದು ಚರ್ಚೆ ಹುಟ್ಟುವುದು. ಅರುವತ್ತೈದು ದಾಟಿದ ದೇಹಗಳನ್ನು ಇಂಥ ಕಡೆಗೆ ಎಳೆದೊಯ್ಯುವುದು ವಿವೇಕವೇ ಎಂದು ಕೆಲವರು ಕೇಳುವರು. ಯೌವನದಲ್ಲಿ ಸಂಸಾರದ ಹೊರೆಯಿಂದ ಏನನ್ನೂ ನೋಡದವರು ಈಗಲಾದರೂ ನೋಡಲಿ ಎಂದು ಮಿಕ್ಕವರು ಉತ್ತರ ಕೊಡುವರು. ಈ ಎರಡು ಮಾತುಗಳಲ್ಲಿಯೂ ಒಂದು ಕೊರತೆಯುಂಟು. ಎರಡೂ ಪಕ್ಷದವರು ಹಿರಿಯರ ವಿಷಯವಾಗಿ ಮಾತನಾಡುವರೇ ಹೊರತು ಹಿರಿಯರೊಡನೆ ಮಾತನಾಡುವುದಿಲ್ಲ. ಈ ತಿಂಗಳು ನಾವು ಗೃಹಸ್ಥರ ಮುಂದೆ ಇಡಬೇಕೆಂದಿರುವ ವಿಚಾರ ಇದೇ. ವಿಷಯ ಸ್ಪಷ್ಟವಾಗಲೆಂದು ಎಲ್ಲರೂ ಹೆಸರು ಕೇಳಿರುವ ಒಂದೇ ಸ್ಥಳವನ್ನು ಉದಾಹರಣೆಗೆ ತೆಗೆದುಕೊಳ್ಳುವೆವು. ಅದು ಅಮೆರಿಕಾದ ಅರಿಜೋನಾ ಸಂಸ್ಥಾನದ ಗ್ರ್ಯಾಂಡ್ ಕ್ಯಾನ್ಯನ್. ಕನ್ನಡದಲ್ಲಿ ಹೆಗ್ಗಣಿವೆ ಎನ್ನೋಣ.

ಕೊಲರಾಡೋ ನದಿ ಕೊರೆದಿರುವ ಈ ಕಣಿವೆಯ ಉದ್ದ ನದಿಯ ಹಾದಿಯಲ್ಲಿ ೨೭೭ ಮೈಲಿ. ಅಗಲ ಕೆಲವೆಡೆ ೧೮ ಮೈಲಿ. ಆಳ ಸುಮಾರು ಒಂದು ಮೈಲಿ. ನಮ್ಮ ಜೋಗದ ೮೩೦ ಅಡಿಯ ಧುಮುಕನ್ನು ಒಂದರ ಮೇಲೊಂದರಂತೆ ಆರು ಬಾರಿ ಇಟ್ಟರೆ ಈ ಆಳಕ್ಕೆ ಹತ್ತಿರವಾದೀತು. ೧೯೧೯ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಕಾದಿರಿಸಿದರು. ನಮ್ಮವರಿಗೆ ಇಲ್ಲಿ ಒಂದು ವಿಶೇಷ ಆಶ್ಚರ್ಯ ಕಾದಿರುವುದು. ಕಣಿವೆಯ ನಡುವೆ ಎದ್ದು ನಿಂತ ಶಿಲಾಶಿಖರಗಳಿಗೆ ಬ್ರಹ್ಮ, ವಿಷ್ಣು, ಶಿವ ಎಂಬ ಹೆಸರುಗಳಿವೆ. ಹೀಗೆ ಪೂರ್ವದೇಶಗಳ ದೇವತೆಗಳ ಹೆಸರನ್ನಿಡುವ ವಾಡಿಕೆಯನ್ನು ೧೮೮೦ರ ದಶಕದಲ್ಲಿ ತಂದವನು ಕ್ಲಾರೆನ್ಸ್ ಡಟ್ಟನ್ ಎಂಬ ಭೂವಿಜ್ಞಾನಿ. ಕಣಿವೆಯ ತಳದ ಕಪ್ಪು ಕಲ್ಲಿಗೂ ವಿಷ್ಣುವಿನ ಹೆಸರೇ. ಅದರ ವಯಸ್ಸು ಸುಮಾರು ೧೭೫ ಕೋಟಿ ವರ್ಷವೆಂದು ಎಣಿಸಿರುವರು.

ನೋಟವು ಇಷ್ಟು ಭವ್ಯವಾಗಿರುವಲ್ಲಿ ಅಪಾಯವು ಎಲ್ಲಿ ಅಡಗಿದೆಯೆಂಬುದನ್ನು ತಿಳಿದಿರುವುದು ಗೃಹಸ್ಥರ ಕರ್ತವ್ಯ. ಕಣಿವೆಯ ದಕ್ಷಿಣದ ಅಂಚಿನವರೆಗೆ ಕಾರಿನಲ್ಲಿಯೇ ಹೋಗಬಹುದಾದುದರಿಂದ, ತಾವು ನಿಂತಿರುವುದು ಸಮತಟ್ಟಾದ ನೆಲವೆಂದು ಹಿರಿಯರು ಭಾವಿಸುವರು. ಆ ನೆಲವು ಸಮುದ್ರಮಟ್ಟಕ್ಕಿಂತ ಸುಮಾರು ೭,೦೦೦ ಅಡಿ ಎತ್ತರದಲ್ಲಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ೬,೩೩೦ ಅಡಿ. ಎಂದಮೇಲೆ, ಕಾರಿನಿಂದಿಳಿದು ಇಪ್ಪತ್ತು ಹೆಜ್ಜೆ ನಡೆದ ನಮ್ಮ ತಾಯಿ ಮುಳ್ಳಯ್ಯನಗಿರಿಯ ನೆತ್ತಿಗಿಂತ ಮೇಲೆ ನಿಂತಿರುವಳು! ಫೀನಿಕ್ಸ್ ನಗರವಿರುವುದು ೧,೧೦೦ ಅಡಿಯಲ್ಲಿ. ಅಲ್ಲಿಂದ ೨೩೦ ಮೈಲಿಯ ಹಾದಿಯನ್ನು ನಾಲ್ಕು ಗಂಟೆಗಳಲ್ಲಿ ಮುಗಿಸಿ ಬಂದವರು ಅಷ್ಟು ಹೊತ್ತಿನಲ್ಲಿ ಆರು ಸಾವಿರ ಅಡಿ ಏರಿರುವರು. ಉಸಿರು ಬೇಗನೆ ಹತ್ತುವುದು, ತಲೆ ಭಾರವಾಗುವುದು, ರಾತ್ರಿ ನಿದ್ರೆ ಬಾರದಿರುವುದು ಇವೆಲ್ಲ ಸಹಜ. ಆದುದರಿಂದ ಮೊದಲ ದಿನವನ್ನು ಯಾವ ಸಾಹಸಕ್ಕೂ ಮೀಸಲಿಡತಕ್ಕದ್ದಲ್ಲ. ಬೆಂಚಿನ ಮೇಲೆ ಕುಳಿತು ಸೂರ್ಯಾಸ್ತವನ್ನು ನೋಡಿದರೆ ಆ ದಿನಕ್ಕೆ ಸಾಕು. ಹೃದಯದ ಅಥವಾ ಶ್ವಾಸಕೋಶದ ತೊಂದರೆಯುಳ್ಳವರು ಊರು ಬಿಡುವ ಮೊದಲೇ ತಮ್ಮ ಡಾಕ್ಟರಿಗೆ “ಅಮೆರಿಕಾಕ್ಕೆ ಹೋಗುತ್ತೇನೆ” ಎಂದಷ್ಟೇ ಹೇಳದೆ, “ಏಳು ಸಾವಿರ ಅಡಿ ಎತ್ತರಕ್ಕೆ ಹೋಗುತ್ತೇನೆ” ಎಂದು ಹೇಳಬೇಕು. ಎರಡು ಮಾತಿಗೂ ಬರುವ ಸಲಹೆ ಬೇರೆ ಬೇರೆ.

ಎರಡನೆಯ ಅಪಾಯ ನೀರಿನದು. ಅಲ್ಲಿಯ ಗಾಳಿ ಬಹಳ ಒಣ. ಬೆವರು ಬಂದುದು ತಿಳಿಯುವ ಮೊದಲೇ ಆರಿಹೋಗುವುದು. ಬಾಯಾರಿಕೆಯಾಗುವ ಹೊತ್ತಿಗೆ ದೇಹ ಒಣಗಿರುವುದು. ಈ ಪ್ರಸಂಗದಲ್ಲಿ ನಮ್ಮ ಹೆಂಗಸರ ವಿಷಯವಾಗಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಅಪರಿಚಿತ ಹಾದಿಯಲ್ಲಿ ಶೌಚಕ್ಕೆ ಅನುಕೂಲ ದೊರೆಯುವುದೋ ಇಲ್ಲವೋ, ಕಾರನ್ನು ನಿಲ್ಲಿಸೆಂದು ಮಗನನ್ನೋ ಅಳಿಯನನ್ನೋ ಹೇಗೆ ಕೇಳುವುದೆಂಬ ಸಂಕೋಚದಿಂದ ಎಷ್ಟೋ ತಾಯಂದಿರು ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿಯದೆ ಕುಳಿತಿರುವರು. ಕೇಳಿದರೆ “ನನಗೆ ಬಾಯಾರಿಕೆಯಿಲ್ಲಪ್ಪ” ಎನ್ನುವರು. ಮರುಭೂಮಿಯ ಹಾದಿಯಲ್ಲಿ ಇದು ಆರೋಗ್ಯಕ್ಕೆ ಬಲು ಕೇಡು. ರಕ್ತದೊತ್ತಡಕ್ಕೂ ಸಕ್ಕರೆ ರೋಗಕ್ಕೂ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಪರಿಹಾರವು ಸುಲಭ. ಯಾರೂ ಕೇಳುವುದಕ್ಕೆ ಮೊದಲೇ ಗಂಟೆ ಒಂದೂವರೆ ಗಂಟೆಗೊಮ್ಮೆ ಕಾರನ್ನು ನಿಲ್ಲಿಸುವ ಪದ್ಧತಿಯನ್ನಿಡಬೇಕು. “ಎಲ್ಲರೂ ಇಳಿಯಿರಿ, ಕಾಲು ಚಾಚೋಣ” ಎಂದು ಸೊಸೆಯೋ ಮಗಳೋ ತಾನೇ ಮೊದಲು ಇಳಿದರೆ ತಾಯಿಯ ಸಂಕೋಚ ಅಲ್ಲಿಗೆ ಮುಗಿಯುವುದು. ಇಷ್ಟು ಚಿಕ್ಕ ಏರ್ಪಾಟು ಯಾವ ಔಷಧಕ್ಕೂ ಕಡಮೆಯಲ್ಲ.

ಮೂರನೆಯದು ಇಳಿಜಾರಿನ ಮೋಸ. ನಮ್ಮ ದೇಶದ ಬೆಟ್ಟಗಳಲ್ಲಿ ಕಷ್ಟ ಮೊದಲು, ಸುಖ ಆಮೇಲೆ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನಾಗಲಿ ಶ್ರವಣಬೆಳಗೊಳದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನಾಗಲಿ ಹತ್ತುವವನಿಗೆ ದಣಿವಾದರೆ ಅಲ್ಲಿಂದಲೇ ಇಳಿದು ಬರಬಹುದು. ಕಣಿವೆಯು ತಲೆಕೆಳಗಾದ ಬೆಟ್ಟ. ಇಲ್ಲಿ ಹೋಗುವಾಗ ಕಾಲು ತಾನಾಗಿ ಇಳಿಯುತ್ತ ಹೋಗುವುದು; “ಇಷ್ಟೇ ತಾನೆ” ಎನ್ನಿಸುವುದು. ದಣಿವು ತೋರುವಾಗ ಮನುಷ್ಯನು ತಳದ ಕಡೆಗಿರುವನು. ಏರುವುದೆಲ್ಲ ಇನ್ನೂ ಬಾಕಿ. ಇಳಿಯುವುದಕ್ಕೆ ಹಿಡಿದ ಹೊತ್ತಿನ ಎರಡರಷ್ಟು ಏರುವುದಕ್ಕೆ ಬೇಕೆಂಬುದು ಅಲ್ಲಿಯ ಕಾವಲುಗಾರರ ಲೆಕ್ಕ. ಬ್ರೈಟ್ ಏಂಜೆಲ್ ಎಂಬ ಪ್ರಸಿದ್ಧ ಕಾಲುದಾರಿಯಲ್ಲಿ ನದಿಯವರೆಗೆ ಸುಮಾರು ಎಂಟು ಮೈಲಿ. ಇಳಿತ ನಾಲ್ಕು ಸಾವಿರ ಅಡಿಗೂ ಹೆಚ್ಚು. ಒಂದೇ ದಿನದಲ್ಲಿ ನದಿಗೆ ಇಳಿದು ಹಿಂದಿರುಗುವ ಯತ್ನ ಮಾಡಬೇಡಿರೆಂದು ದಾರಿಯಲ್ಲಿಯೇ ಫಲಕಗಳನ್ನು ನಿಲ್ಲಿಸಿರುವರು. ಆದರೂ ಪ್ರತಿವರ್ಷ ಇನ್ನೂರೈವತ್ತಕ್ಕೂ ಹೆಚ್ಚು ಜನರನ್ನು ಕಣಿವೆಯೊಳಗಿನಿಂದ ರಕ್ಷಿಸಿ ತರಬೇಕಾಗುವುದೆಂದು ಉದ್ಯಾನದವರು ತಿಳಿಸುವರು. ಇವರಲ್ಲಿ ಗಟ್ಟಿಮುಟ್ಟಾದ ತರುಣರೂ ಇರುವರೆಂಬುದು ಮರೆಯತಕ್ಕ ಮಾತಲ್ಲ.

ಬಿಸಿಲನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಮೇಲೆ ತಂಪಾದ ಗಾಳಿ ಬೀಸುತ್ತಿರುವಾಗ ತಳದಲ್ಲಿ ಇಪ್ಪತ್ತು ಡಿಗ್ರಿ ಫಾರೆನ್‌ಹೀಟಿಗೂ ಹೆಚ್ಚಿನ ಶಾಖವಿರುವುದು. ಬೇಸಗೆಯಲ್ಲಿ ನದಿಯ ಬಳಿ ನೂರು ಡಿಗ್ರಿಯನ್ನು ದಾಟುವುದು ಸಾಮಾನ್ಯ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಣಿವೆಯೊಳಗೆ ನಡೆಯಬೇಡಿರೆಂದು ಅಧಿಕಾರಿಗಳು ಎಚ್ಚರಿಸುವರು. ಆದರೆ ಮೊಮ್ಮಕ್ಕಳ ಶಾಲೆಯ ರಜೆ ಜೂನ್ ಜುಲೈ ತಿಂಗಳಲ್ಲಿಯೇ ಬರುವುದು. ಆದುದರಿಂದ ಹಿರಿಯರ ಪ್ರವಾಸವೂ ಆಗಲೇ ಗೊತ್ತಾಗುವುದು. ಸಾಧ್ಯವಾದರೆ ಏಪ್ರಿಲ್ ಕೊನೆ ಅಥವಾ ಸೆಪ್ಟೆಂಬರ್ ಅಕ್ಟೋಬರ್ ತಿಂಗಳನ್ನು ಆರಿಸುವುದು ಮೇಲು. ಮೊಮ್ಮಕ್ಕಳಿಗೆ ಎರಡು ದಿನದ ಪಾಠ ತಪ್ಪಿದರೆ ಆಗುವ ನಷ್ಟ, ಅಜ್ಜನು ಬಿಸಿಲಿನಲ್ಲಿ ಕುಸಿದು ಕೂತರೆ ಆಗುವ ನಷ್ಟಕ್ಕಿಂತ ಕಡಮೆಯೇ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಹಿರಿಯರನ್ನು ಕರೆದೊಯ್ಯುವುದೇ ಬೇಡವೇ ಎಂದು ವಾಚಕರು ಕೇಳಬಹುದು. ನಮ್ಮ ಅಭಿಪ್ರಾಯ ಹಾಗಲ್ಲ. ಕೇದಾರದ ಹನ್ನೊಂದು ಸಾವಿರ ಅಡಿಗಳನ್ನು ಬರಿಗಾಲಿನಲ್ಲಿ ಏರಿದ ಹೆಂಗಸರ ವಂಶದವರು ನಾವು. ನಮ್ಮ ವೃದ್ಧರಿಗೆ ಸಾಹಸ ಹೊಸದಲ್ಲ. ಆದರೆ ಯಾತ್ರೆಗೂ ಈ ಹೊಸ ಪ್ರವಾಸಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಯಾತ್ರೆಯಲ್ಲಿ ಅವರು ತಮ್ಮ ಹೆಜ್ಜೆಯಲ್ಲಿ ನಡೆಯುತ್ತಿದ್ದರು. ತಮ್ಮ ವಯಸ್ಸಿನವರ ಜೊತೆಯಿತ್ತು. ಸೊಂಟದ ಚೀಲದಲ್ಲಿ ತಮ್ಮ ದುಡ್ಡಿತ್ತು. ಆಗದಿದ್ದರೆ ಛತ್ರದಲ್ಲಿ ಒಂದು ದಿನ ಉಳಿಯುವ ಸ್ವಾತಂತ್ರ್ಯವಿತ್ತು. ಮಗನ ಕಾರಿನ ಹಿಂದಿನ ಆಸನದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಅಲ್ಲಿಯ ಭಾಷೆ ತಿಳಿಯದು, ವಾಹನ ನಡೆಸಲು ಬಾರದು, ನಾಣ್ಯ ಪರಕೀಯ, ಹೊತ್ತು ಮಗನದು. ಐವತ್ತು ವರ್ಷ ಒಂದು ಮನೆಯ ಯಜಮಾನಿಕೆ ಮಾಡಿದವರು ಅಲ್ಲಿ ಒಯ್ದ ಕಡೆಗೆ ಹೋಗುವ ಗಂಟಾಗಿಬಿಡುವರು. ಹೀಗಿರುವಾಗ ಅವರಿಗೆ ಉಳಿಯುವ ಒಂದೇ ಸೌಜನ್ಯವೆಂದರೆ ಮೌನ. “ಹೇಗಿದ್ದೀಯಪ್ಪಾ?” ಎಂದರೆ “ಚೆನ್ನಾಗಿದ್ದೇನೆ.” “ಇನ್ನೂ ನಡೆಯುತ್ತೀಯಾ?” ಎಂದರೆ “ನಡಿ, ಹೋಗೋಣ.” ಪ್ರಯಾಣದ ನಿಜವಾದ ಅಪಾಯವು ಕಣಿವೆಯ ಅಂಚಿಗಿಂತ ಹೆಚ್ಚಾಗಿ ಈ ಮೌನದಲ್ಲಿರುವುದು.

ನಮಗೆ ಪರಿಚಿತರಾದ ಒಂದು ಕುಟುಂಬದಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ತಂದೆ ನಿವೃತ್ತ ಉಪಾಧ್ಯಾಯರು, ವಯಸ್ಸು ಅರುವತ್ತೊಂಬತ್ತು. ತಾಯಿ ಅವರಿಗಿಂತ ಆರು ವರ್ಷ ಚಿಕ್ಕವರು. ಮಗನು ತಂದೆಯ ಸಾಹಸಪ್ರಿಯತೆಯನ್ನು ಬಾಲ್ಯದಿಂದ ಬಲ್ಲವನು. ಸೈಕಲ್ಲಿನಲ್ಲಿ ಊರೂರು ಸುತ್ತಿದ ತಂದೆಯೇ ಅವನ ಕಣ್ಣ ಮುಂದೆ. ಆದುದರಿಂದ ಎರಡನೆಯ ದಿನ ಬೆಳಿಗ್ಗೆ ಅಪ್ಪನೂ ತಾನೂ ಒಂದೂವರೆ ಮೈಲಿಯ ವಿಶ್ರಾಂತಿಗೃಹದವರೆಗೆ ಇಳಿದು ಬರುವುದೆಂದೂ, ಅಮ್ಮನು ಸೊಸೆ ಮೊಮ್ಮಗನೊಡನೆ ಮೇಲೆಯೇ ಕುಳಿತಿರುವುದೆಂದೂ ನಿಶ್ಚಯಿಸಿದನು. ಯಾರನ್ನೂ ಕೇಳಲಿಲ್ಲ. ತಂದೆಯೂ ಬೇಡವೆನ್ನಲಿಲ್ಲ. ಮಗನು ಆರು ತಿಂಗಳಿಂದ ಕಾದಿಟ್ಟ ರಜೆಯಲ್ಲವೇ?

ಸೊಸೆ ಮಾತ್ರ ಮೂರು ಸಂಗತಿಗಳನ್ನು ಕಂಡಿದ್ದಳು. ಮಾವನವರು ಬೆಳಗಿನ ಅವಲಕ್ಕಿಯನ್ನು ಅರ್ಧಕ್ಕೆ ಬಿಟ್ಟಿದ್ದರು. ವಸತಿಗೃಹದ ನಾಲ್ಕು ಮೆಟ್ಟಿಲು ಇಳಿಯುವಾಗ ಕಂಬಿಯನ್ನು ಬಿಟ್ಟಿರಲಿಲ್ಲ. ಬೂಟಿನ ದಾರ ಕಟ್ಟಿ ತಲೆಯೆತ್ತಿದವರು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಿದ್ದರು. ಇದನ್ನು ಎಲ್ಲರೆದುರು ಆಡಿದರೆ ಅವರಿಗೆ ಅವಮಾನವೆಂದು ಬಲ್ಲ ಆ ಜಾಣೆ, “ಮಾವ, ನನಗೇ ಈ ಎತ್ತರ ಯಾಕೋ ಒಗ್ಗುತ್ತಿಲ್ಲ. ನೀವು ನನ್ನ ಜೊತೆಯಲ್ಲಿ ಕೂತರೆ ಧೈರ್ಯವಾಗಿರುತ್ತೆ” ಎಂದಳು. ಆಗ ಹಿರಿಯರ ಬಾಯಿಂದ ನಿಜ ಹೊರಟಿತು. ರಾತ್ರಿಯೆಲ್ಲ ನಿದ್ರೆಯಿಲ್ಲ, ಬೆಳಗಿನಿಂದ ತಲೆ ತಿರುಗುತ್ತಿದೆ. ದೇಶ ಬದಲಾದ ಗೊಂದಲದಲ್ಲಿ ರಕ್ತದೊತ್ತಡದ ಮಾತ್ರೆಯನ್ನು ಹಿಂದಿನ ದಿನ ಎರಡು ಬಾರಿ ನುಂಗಿರುವ ಅನುಮಾನವೂ ಇದೆ! ಈ ಸ್ಥಿತಿಯಲ್ಲಿ ಅವರು ಸಾವಿರ ಅಡಿ ಇಳಿದು ಏರಬೇಕಾಗಿತ್ತು. ಮಗನು ಫೋನಿನಲ್ಲಿ ಡಾಕ್ಟರೊಬ್ಬರನ್ನು ವಿಚಾರಿಸಿದನು. ಆ ದಿನ ವಿಶ್ರಾಂತಿ, ಧಾರಾಳವಾಗಿ ನೀರು, ತಲೆಸುತ್ತು ಹೆಚ್ಚಿದರೆ ಕೂಡಲೇ ಚಿಕಿತ್ಸೆ ಎಂದು ಅವರು ಹೇಳಿದರು. ಸಂಜೆಯ ಹೊತ್ತಿಗೆ ಎಲ್ಲ ಸರಿಹೋಯಿತು.

ಇನ್ನೊಂದು ವಿಶೇಷ ನಡೆಯಿತು. ಇಳಿಯುವ ಕಾರ್ಯಕ್ರಮ ನಿಂತಿತೆಂದು ತಿಳಿದಾಗ ತಾಯಿ ಮೆಲ್ಲಗೆ, “ನಾನು ಬರಲೇನೋ?” ಎಂದರಂತೆ. ವರ್ಷವರ್ಷವೂ ಆಷಾಢದಲ್ಲಿ ಚಾಮುಂಡಿಬೆಟ್ಟವನ್ನು ಮೆಟ್ಟಿಲಿನಿಂದಲೇ ಹತ್ತುವ ಆಕೆಯನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ತಾಯಿಮಗ ಹೊರಟು, ಬಂಡೆಯಲ್ಲಿ ಕೊರೆದ ಎರಡನೆಯ ಸುರಂಗದವರೆಗೆ, ಒಂದು ಮೈಲಿಗೆ ಸ್ವಲ್ಪ ಕಡಮೆ ದೂರ, ಇಳಿದು, ಕುಳಿತು ಕಿತ್ತಳೆ ತಿಂದು, ಹತ್ತಕ್ಕೆ ಮೊದಲೇ ಏರಿ ಬಂದರು. ಆ ಹೊತ್ತಿಗೆ ತಂದೆ ಅಂಚಿನ ಮೇಲೆ ಮೊಮ್ಮಗನೊಡನೆ ತಮಗೆ ತಕ್ಕ ಸಾಹಸವೊಂದನ್ನು ಕಂಡುಕೊಂಡಿದ್ದರು. ಅಲ್ಲಿ ‘ಕಾಲದ ಹಾದಿ’ ಎಂಬುದೊಂದಿದೆ. ೨೦೧೦ರಲ್ಲಿ ತೆರೆದ ಈ ಸಮತಟ್ಟಾದ ದಾರಿಯಲ್ಲಿ ಒಂದೊಂದು ಮೀಟರಿಗೆ ಹತ್ತು ಲಕ್ಷ ವರ್ಷಗಳ ಲೆಕ್ಕ. ಬದಿಯಲ್ಲಿ ಆಯಾ ಕಾಲದ ಕಲ್ಲುಗಳನ್ನು ಮುಟ್ಟಿ ನೋಡಲು ಇಟ್ಟಿರುವರು. ನದಿಯು ಈ ಕಣಿವೆಯನ್ನು ಕೊರೆದುದು ಐದಾರು ಹೆಜ್ಜೆಗಳ ಮಾತು. ವಿಷ್ಣುಶಿಲೆಯ ಕಾಲವನ್ನು ಮುಟ್ಟಲು ಒಂದು ಮೈಲಿಗೂ ಮಿಕ್ಕಿ ನಡೆಯಬೇಕು. ಉಪಾಧ್ಯಾಯರು ಮೊಮ್ಮಗನಿಗೆ, “ಮಗೂ, ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ. ಅದು ಸಿಗಬೇಕಾದರೆ ಈ ವಿಷ್ಣುಶಿಲೆಯಿಂದ ಮುಂದಕ್ಕೆ ಇನ್ನೂ ಮುಕ್ಕಾಲು ಮೈಲಿ ನಡೆಯಬೇಕು” ಎಂದು ಲೆಕ್ಕ ಹಾಕಿ ತೋರಿಸಿದರಂತೆ. ಹುಡುಗನು ಲಾಲ್‌ಬಾಗಿನ ಬಂಡೆಯನ್ನು ಹತ್ತಬೇಕೆಂದು ಹಠ ಹಿಡಿದಿರುವನು.

ಈ ಕುಟುಂಬದ ವೃತ್ತಾಂತದಿಂದ ಗೃಹಸ್ಥರು ತೆಗೆದುಕೊಳ್ಳಬೇಕಾದ ನೀತಿ ಬಹಳ ಸರಳ. ಹಿರಿಯರ ಶಕ್ತಿಯನ್ನು ಇಪ್ಪತ್ತು ವರ್ಷದ ಹಿಂದಿನ ನೆನಪಿನಿಂದ ಅಳೆಯಬಾರದು. ಗಂಡಸಾದುದರಿಂದ ಅಪ್ಪ ಗಟ್ಟಿ, ಹೆಂಗಸಾದುದರಿಂದ ಅಮ್ಮ ಮೆದು ಎಂಬ ಲೆಕ್ಕವೂ ನಿಲ್ಲದು. ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ, ಇತರರು ಇಲ್ಲದ ಹೊತ್ತಿನಲ್ಲಿ ಕೇಳಬೇಕು. ಕೇಳುವ ರೀತಿಯೂ ಮುಖ್ಯ. “ಆಗುತ್ತದೆಯೇ?” ಎಂದು ಕೇಳಿದರೆ ಅಭಿಮಾನಿಯಾದವನು ಆಗುವುದಿಲ್ಲವೆಂದು ಹೇಳಲಾರನು. “ಇಂದು ಮೂರು ಮಾರ್ಗಗಳಿವೆ, ಇದರಲ್ಲಿ ನಿನಗೆ ಯಾವುದು ಬೇಕು?” ಎಂದರೆ ಅವನು ತನ್ನ ಶಕ್ತಿಗೆ ತಕ್ಕುದನ್ನು ಗೌರವದಿಂದ ಆರಿಸಿಕೊಳ್ಳುವನು.

ಮಾರ್ಗಗಳಿಗೆ ಕೊರತೆಯೂ ಇಲ್ಲ. ಹೆಗ್ಗಣಿವೆಯ ದಕ್ಷಿಣದ ಅಂಚಿನಲ್ಲಿ ಉದ್ಯಾನದ ಬಸ್ಸುಗಳು ಪುಕ್ಕಟೆಯಾಗಿ ಓಡಾಡುವುವು. ಚಕ್ರದ ಕುರ್ಚಿಯವರೂ ಅದರಲ್ಲಿ ಹತ್ತಬಹುದು. ೧೯೩೨ರಲ್ಲಿ ಮೇರಿ ಕೋಲ್ಟರ್ ಎಂಬ ಮಹಿಳಾಶಿಲ್ಪಿಯು ರೂಪಿಸಿದ ಎಪ್ಪತ್ತು ಅಡಿ ಎತ್ತರದ ಕಾವಲು ಗೋಪುರವನ್ನು ಕೆಳಗಿನಿಂದ ನೋಡಿದರೂ ಚೆಂದ, ಹತ್ತಿದರೂ ಚೆಂದ. ನದಿಯ ಮೇಲೆ ಹೋಗಬೇಕೆಂಬ ಆಸೆಯಿದ್ದರೆ, ಅಬ್ಬರದ ಸುಳಿಗಳಲ್ಲಿ ದೋಣಿ ಹಾಯಿಸುವುದನ್ನು ಮಕ್ಕಳು ಬೇರೊಂದು ಸಲಕ್ಕೆ ಇಟ್ಟುಕೊಳ್ಳಲಿ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆಯ ಕೆಳಗೆ ಲೀಸ್ ಫೆರಿಯವರೆಗಿನ ಸುಮಾರು ಹದಿನೈದು ಮೈಲಿ ಕೊಲರಾಡೋ ಶಾಂತವಾಗಿ ಹರಿಯುವುದು. ಸಾವಿರ ಅಡಿಯ ಕೆಂಪು ಗೋಡೆಗಳ ನಡುವೆ ಅರ್ಧ ದಿನ ತೇಲಿ ಬಂದರೆ ಸಾಹಸದ ರುಚಿಯೂ ದೊರೆಯುವುದು, ಸೊಂಟವೂ ಉಳಿಯುವುದು.

ಬೇರೆ ಬೇರೆ ಸ್ಥಳಗಳಿಗೆ ಬೇರೆ ಬೇರೆ ಎಚ್ಚರಿಕೆಗಳುಂಟು. ೧೮೭೨ರಲ್ಲಿ ಸ್ಥಾಪಿತವಾದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಭೂಮಿಯೊಳಗಿಂದ ಕುದಿನೀರು ಚಿಮ್ಮುವ ಬುಗ್ಗೆಗಳನ್ನು ನೋಡಲು ಮರದ ಹಲಗೆಗಳ ಹಾದಿಯನ್ನು ಮಾಡಿರುವರು. ಆ ಹಲಗೆಯಿಂದ ಒಂದು ಹೆಜ್ಜೆಯನ್ನೂ ಕೆಳಗಿಡಬಾರದು. ಗಟ್ಟಿಯೆಂದು ಕಾಣುವ ನೆಲ ತೆಳುವಾದ ಹೊದಿಕೆಯಷ್ಟೇ. ಕುದಿನೀರಿನಲ್ಲಿ ಬಿದ್ದು ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿರುವರು. ಅಲ್ಲಿಯ ಕಾಡುಗೂಳಿ ಬೈಸನ್ ನಮ್ಮವರ ಕಣ್ಣಿಗೆ ದೊಡ್ಡ ಎಮ್ಮೆಯಂತೆ ಸಾಧುವಾಗಿ ತೋರುವುದು. ದನಕರುಗಳ ನಡುವೆ ಬೆಳೆದ ನಮ್ಮ ಹಿರಿಯರು ಬೆನ್ನು ಸವರುವಷ್ಟು ವಿಶ್ವಾಸದಿಂದ ಅದರ ಕಡೆಗೆ ನಡೆದರೆ ಆಶ್ಚರ್ಯವಿಲ್ಲ. ಅದು ಮನುಷ್ಯನಿಗಿಂತ ವೇಗವಾಗಿ ಓಡಬಲ್ಲುದು. ಇಪ್ಪತ್ತೈದು ಗಜಕ್ಕಿಂತ ಹತ್ತಿರ ಹೋಗಬಾರದೆಂದೂ, ಕರಡಿ ತೋಳಗಳಿಂದ ನೂರು ಗಜ ದೂರವಿರಬೇಕೆಂದೂ ಅಲ್ಲಿಯ ನಿಯಮ. ಇದನ್ನು ಮುಂಚಿತವಾಗಿ ಕನ್ನಡದಲ್ಲಿ ಹೇಳಿಡುವುದು ಮಕ್ಕಳ ಕೆಲಸ. ಇಂಗ್ಲೀಷು ಫಲಕವನ್ನು ತಾಯಿ ಓದಿಕೊಂಡಾಳೆಂದು ನಂಬಿ ಕೂರಬಾರದು.

ಇನ್ನು ಹಣದ ಮಾತು. ಕಾಫಿಯ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಎದೆಯೊಡೆದುಕೊಳ್ಳುವುದು ನಮ್ಮ ಹಿರಿಯರ ಹುಟ್ಟುಗುಣ. ಅದನ್ನು ನಕ್ಕು ಬಿಡಬಹುದು. ಆದರೆ ಇದೇ ಲೆಕ್ಕವು ಎದೆನೋವನ್ನು ಬಚ್ಚಿಡುವವರೆಗೆ ಹೋದರೆ ನಗುವ ಮಾತಲ್ಲ. ಅಮೆರಿಕಾದಲ್ಲಿ ಆಸ್ಪತ್ರೆಯ ಖರ್ಚು ವಿಪರೀತವೆಂದು ಕೇಳಿರುವ ತಂದೆ, ಮಗನ ಮನೆ ಮುಳುಗೀತೆಂದು ಬಾಯಿ ಬಿಡದೆ ಸಹಿಸುವನು. ೧೯೮೬ರ ಒಂದು ಕಾನೂನಿನಂತೆ ಅಲ್ಲಿಯ ಬಹುತೇಕ ಆಸ್ಪತ್ರೆಗಳು ತುರ್ತು ರೋಗಿಯನ್ನು ಹಣ ಕೇಳಿ ತಿರುಗಿಸುವಂತಿಲ್ಲ, ನಿಜ. ಆದರೆ ಪಟ್ಟಿ ಆಮೇಲೆ ಬಂದೇ ಬರುವುದು. ಆದುದರಿಂದ ವಿಮಾನದ ಟಿಕೀಟಿನೊಡನೆಯೇ ಆರೋಗ್ಯದ ವಿಮೆಯನ್ನೂ ಕೊಳ್ಳಬೇಕು. ಮೊದಲಿನಿಂದ ಇರುವ ರೋಗಗಳಿಗೆ ಅದರಲ್ಲಿ ಎಷ್ಟು ರಕ್ಷಣೆಯಿದೆಯೆಂಬುದನ್ನು ಸಣ್ಣ ಅಕ್ಷರಗಳವರೆಗೆ ಓದಬೇಕು. ಇದ್ದ ರೋಗವನ್ನು ಮುಚ್ಚಿಟ್ಟು ವಿಮೆ ಪಡೆಯತಕ್ಕದ್ದಲ್ಲ. ಆ ಕಾಗದವನ್ನು ತಂದೆಯ ಕೈಗೇ ಕೊಟ್ಟು, “ಇದಕ್ಕೆ ಹಣ ಕಟ್ಟಿಯಾಗಿದೆ, ನೀನು ಸುಮ್ಮನಿದ್ದರೆ ಆ ಹಣವೇ ದಂಡ” ಎಂದು ಹೇಳಿದರೆ ಮಿತವ್ಯಯಿಯಾದ ತಂದೆ ಬಾಯಿಬಿಟ್ಟಾನು. ಇದರೊಡನೆ ತಾಯಿಯ ಕೈಚೀಲದಲ್ಲಿಯೂ ತಂದೆಯ ಜೇಬಿನಲ್ಲಿಯೂ ಐವತ್ತು ಡಾಲರು ಅವರದೆಂದೇ ಇರಲಿ. ಮೊಮ್ಮಗುವಿಗೆ ಒಂದು ಆಟಿಕೆ ಕೊಳ್ಳಲು ಮಗನ ಮುಂದೆ ಕೈಚಾಚುವುದು ಅವರಿಗೆ ಕಣಿವೆ ಏರುವುದಕ್ಕಿಂತ ಕಷ್ಟ. ಅರುವತ್ತೆರಡು ದಾಟಿದವರಿಗೆ ಉದ್ಯಾನಗಳಲ್ಲಿರುವ ರಿಯಾಯಿತಿ ಚೀಟಿ ಆ ದೇಶದ ಪ್ರಜೆಗಳಿಗೂ ಖಾಯಂ ನಿವಾಸಿಗಳಿಗೂ ಮಾತ್ರ; ಬಂದ ಅತಿಥಿಗಳಿಗೆ ಅದು ಅನ್ವಯಿಸದು.

ಔಷಧಗಳ ವಿಷಯದಲ್ಲಿ ಕಾಲದ ವ್ಯತ್ಯಾಸವನ್ನು ಮರೆಯಬಾರದು. ಬೆಂಗಳೂರಿನಲ್ಲಿ ಬೆಳಗಿನ ಏಳೂವರೆಯಾದಾಗ ಫೀನಿಕ್ಸಿನಲ್ಲಿ ಹಿಂದಿನ ದಿನದ ಸಂಜೆ ಏಳು. ಮಾತ್ರೆಗಳನ್ನು, ಅದರಲ್ಲಿಯೂ ಇನ್ಸುಲಿನ್ನನ್ನು, ಹೊಸ ಗಡಿಯಾರಕ್ಕೆ ಹೇಗೆ ಹೊಂದಿಸಬೇಕೆಂಬುದನ್ನು ಊರಿನ ಡಾಕ್ಟರಿಂದಲೇ ಬರೆಸಿಕೊಳ್ಳಬೇಕು. ವಾರದ ದಿನಗಳ ಹೆಸರಿರುವ ಮಾತ್ರೆಯ ಡಬ್ಬಿಯೊಂದಿದ್ದರೆ ಎರಡು ಸಲ ನುಂಗಿದೆನೋ ಎಂಬ ಅನುಮಾನ ಹುಟ್ಟದು. ಔಷಧಗಳು ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಮಗನ ವಿಳಾಸ, ಫೋನಿನ ಸಂಖ್ಯೆ, ರೋಗಗಳ ಮತ್ತು ಮಾತ್ರೆಗಳ ಹೆಸರು ಇವನ್ನು ಇಂಗ್ಲೀಷಿನಲ್ಲಿ ಬರೆದ ಚೀಟಿ ಇಬ್ಬರ ಬಳಿಯೂ ಇರಬೇಕು. ತುರ್ತಿಗೆ ೯೧೧ ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿಸಬೇಕು. ಆ ಕಾಡುಮೇಡುಗಳಲ್ಲಿ ಮೊಬೈಲು ಅನೇಕ ಕಡೆ ಹಿಡಿಯುವುದಿಲ್ಲವಾದುದರಿಂದ, ಅಗಲಿದರೆ ಎಲ್ಲಿ ಸೇರಬೇಕೆಂಬುದನ್ನು ಕಾರಿನಿಂದ ಇಳಿಯುವಾಗಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಮಕ್ಕಳಿಗೆ ಇನ್ನೆರಡು ಮಾತು. ಹಿರಿಯರನ್ನು ಮೊಮ್ಮಕ್ಕಳ ಕಾವಲಿಗೆ ಕೂರಿಸಿ ತಾವು ಬೆಟ್ಟ ಹತ್ತಲು ಹೋಗುವ ದಂಪತಿಗಳುಂಟು. ಒಂದು ದಿನ ಹಾಗೆ ಮಾಡುವುದರಲ್ಲಿ ದೋಷವಿಲ್ಲ. ಪ್ರವಾಸವೆಲ್ಲ ಹಾಗಾದರೆ ಅದನ್ನು ತಾಯಿತಂದೆಗಳ ಪ್ರವಾಸವೆಂದು ಹೇಳಿಕೊಳ್ಳುವುದು ಸಲ್ಲದು. ಹಾಗೆಯೇ ಐದು ದಿನಗಳಲ್ಲಿ ಹನ್ನೆರಡು ಸ್ಥಳಗಳನ್ನು ತೋರಿಸುವ ಹಟವೂ ಬೇಡ. ದಿನಕ್ಕೊಂದು ನೋಟ, ಮಧ್ಯಾಹ್ನ ಒಂದು ಗಳಿಗೆ ನಿದ್ರೆ, ರಾತ್ರಿ ವಿದ್ಯುತ್ತಿನ ಕುಕ್ಕರಿನಲ್ಲಿ ಬೇಯಿಸಿದ ಬಿಸಿ ಅನ್ನಕ್ಕೆ ಒಂದಿಷ್ಟು ಗೊಜ್ಜು: ಇಷ್ಟಿದ್ದರೆ ಹಿರಿಯರು ಮರುದಿನ ಮಕ್ಕಳಿಗಿಂತ ಮೊದಲೇ ಸಿದ್ಧರಾಗಿ ಬಾಗಿಲಲ್ಲಿ ನಿಂತಿರುವರು.

ತಾಯಿತಂದೆಗಳಿಗೂ ನಮ್ಮ ವಿಜ್ಞಾಪನೆಯುಂಟು. ಹೊರಡುವ ಮೂರು ತಿಂಗಳ ಮುಂಚೆಯೇ ದಿನವೂ ಬೆಳಿಗ್ಗೆ ನಡೆಯುವ ಅಭ್ಯಾಸವನ್ನು ಮಾಡಿಕೊಳ್ಳಿರಿ. ಹೊಸ ಬೂಟುಗಳನ್ನು ಇಲ್ಲಿಯೇ ಪಳಗಿಸಿಕೊಳ್ಳಿರಿ. ದೀರ್ಘವಾದ ವಿಮಾನಯಾನದಲ್ಲಿ ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಿರಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಅದರಿಂದ ಕಡಮೆಯಾಗುವುದು. ಎಲ್ಲಕ್ಕಿಂತ ಮಿಗಿಲಾಗಿ, ನೋವಿದ್ದರೆ ನೋವೆಂದು ಹೇಳಿರಿ. ಮಗನ ರಜೆ ಕೆಡುವುದೆಂದು ನೀವು ಮುಚ್ಚಿಟ್ಟ ತಲೆಸುತ್ತು ನಾಳೆ ಅವನ ಜೀವಮಾನವನ್ನೇ ಕೆಡಿಸಬಹುದು. ನೀವು ಅವನಿಗೆ ಕೊಡಬಹುದಾದ ಅತ್ಯಂತ ಉದಾರವಾದ ಸಹಾಯವೆಂದರೆ ನಿಜ ಹೇಳುವುದು.

ಮಕ್ಕಳು ದೂರದೇಶದಲ್ಲಿರುವ ಮನೆಗಳಲ್ಲಿ ಇಂಥ ಪ್ರವಾಸಗಳು ಎಷ್ಟು ಸಲ ಒದಗುವುವು? ಒಂದೋ, ಎರಡೋ, ಬಹಳವಾದರೆ ಮೂರು. ಆಮೇಲೆ ಮಂಡಿ ಒಪ್ಪುವುದಿಲ್ಲ, ಡಾಕ್ಟರು ಒಪ್ಪುವುದಿಲ್ಲ, ಅಥವಾ ಇಬ್ಬರಲ್ಲಿ ಒಬ್ಬರು ಉಳಿದಿರುವುದಿಲ್ಲ. ಆದುದರಿಂದ ಟಿಕೀಟು ಕೊಳ್ಳುವುದಕ್ಕೆ ಮುಂಚೆ, ನಕ್ಷೆ ಬಿಡಿಸುವುದಕ್ಕೆ ಮುಂಚೆ, ಒಂದು ಭಾನುವಾರ ಫೋನಿನಲ್ಲಿ ಅಪ್ಪನನ್ನು ಬೇರೆಯಾಗಿ, ಅಮ್ಮನನ್ನು ಬೇರೆಯಾಗಿ ಕೇಳಿರಿ: “ನೀನು ಏನು ನೋಡಬೇಕೆಂದಿರುವೆ?” ಉತ್ತರ ಕೂಡಲೇ ಬಾರದು. “ನೀವು ತೋರಿಸಿದ್ದನ್ನು ನೋಡುತ್ತೇವೆ” ಎನ್ನುವರು. ಮರುವಾರ ಮತ್ತೆ ಕೇಳಿರಿ. ಮೂರನೆಯ ಸಲಕ್ಕೆ ಅವರ ಮನಸ್ಸಿನಲ್ಲಿರುವುದು ಹೊರಬೀಳುವುದು. ಪ್ರವಾಸದ ಸಿದ್ಧತೆಯನ್ನು ಅಲ್ಲಿಂದ ಆರಂಭಿಸಿದರೆ ತಪ್ಪಾಗಲಾರದು.